ಅತ್ತೆಯ ಉದ್ಯೋಗ

ನಮ್ಮ ಸೋದರಮಾವ ತಾವು ಹುಟ್ಟಿದ ದಿನವನ್ನೇ ನಂಬುವವರಲ್ಲ. ಶಾಲೆಗೆ ಸೇರಿಸಲು ವಯಸ್ಸು ಸಾಲದೆ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು, ಅದರಿಂದ ಶಾಲೆಯ ನಿಯಮ ತಿಳಿಯುತ್ತದೆಯೇ ಹೊರತು ನನ್ನ ಜನ್ಮವಲ್ಲ ಎನ್ನುತ್ತಾರೆ. ಆ ದಿನ ಅತ್ತೆ ಮಾಡುತ್ತಿದ್ದ ಪಾಯಸವನ್ನು ಮಾತ್ರ ನಂಬಿ ಎರಡು ಲೋಟ ಕುಡಿಯುತ್ತಿದ್ದರು!

ಸಾಗರದಲ್ಲಿ ಇತಿಹಾಸದ ಮೇಷ್ಟರಾಗಿ ನಿವೃತ್ತರಾದ ಮಾವನಿಗೆ ಬ್ರಿಟಿಷರ ಕಾಲದ ಅರಣ್ಯ ಕಾನೂನಿನ ಹುಚ್ಚು. ಕಾನೂನನ್ನು ತಿರುಗಿಸಿ ಓದಬೇಕೆಂಬುದು ಅವರ ಸಿದ್ಧಾಂತ. ಕಾಡಿನಲ್ಲಿ ಸೊಪ್ಪು ಕಡಿಯಬಾರದೆಂದು ಮೂರು ಸಲ ಆಜ್ಞೆ ಹೊರಟಿದ್ದರೆ, ಜನ ಮೂರು ಸಲವೂ ಕಡಿದಿದ್ದಾರೆಂದೇ ಅರ್ಥವಂತೆ. ಒಮ್ಮೆ ಮದುವೆಯೊಂದಕ್ಕೆ ಹೊರಟಾಗ ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ‘ಇಲ್ಲಿ ಉಗುಳಬಾರದು’ ಎಂಬ ಬೋರ್ಡಿನ ಮುಂದೆ ನಿಂತು ಇದನ್ನೇ ನನಗೆ ವಿವರಿಸುತ್ತಾ ತೀರ್ಥಹಳ್ಳಿಯ ಬಸ್ಸು ತಪ್ಪಿಸಿದರು. ಮದುವೆ ಊಟ ಹೋಯಿತು, ಸಿದ್ಧಾಂತ ಉಳಿಯಿತು.

ಇಷ್ಟೆಲ್ಲ ಹೇಳುವ ಮಾವನಿಗೆ ಹಳೆಯ ಕಡತಗಳಲ್ಲಿ ಗುಮಾಸ್ತರು ಕೂಡಿಸಿ ಬರೆದ ಸುರುಳಿ ಅಕ್ಷರ ಓದಲು ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಓದುತ್ತಿದ್ದವರು ಅತ್ತೆ. ಅಡುಗೆ ಮುಗಿಸಿ, ಕೈ ಒರೆಸಿಕೊಂಡು ಕೂತು, ಒಂದೊಂದೇ ಸಾಲು ಬಿಡಿಸಿ ಪ್ರತಿ ಮಾಡಿಕೊಡುತ್ತಿದ್ದರು. ಅದರ ಮೇಲೆ ಮಾವ ಲೇಖನ ಬರೆಯುತ್ತಿದ್ದರು.

ಹೋದ ಚಳಿಗಾಲದಲ್ಲಿ ಅತ್ತೆ ನಾಲ್ಕೇ ದಿನದ ಜ್ವರದಲ್ಲಿ ತೀರಿಕೊಂಡರು. ಮರಣ ನೋಂದಣಿಗೆ ಮಾವನ ಜೊತೆ ನಾನೂ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಂದೊಂದೇ ವಿವರ ಕೇಳಿ ತುಂಬುತ್ತಾ ಬಂದು, ಉದ್ಯೋಗದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದಳು.

“ಅದು ಸರಿಯಲ್ಲಮ್ಮ. ಅವಳು ಕೆಲಸ ಮಾಡ್ತಿದ್ಲು,” ಎಂದರು ಮಾವ.

“ಎಲ್ಲಿ ಸರ್? ಸಂಬಳ ಬರ್ತಿತ್ತಾ?”

ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಮಾವ ವಾದಕ್ಕಿಳಿಯುತ್ತಾರೆಂದು ನಾನು ಹೆದರಿದ್ದೆ. ಅವರು ಕಾಗದ ಎಳೆದುಕೊಂಡು ಸಹಿ ಮಾಡಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಮುಂದೆ ಯಾರೋ ಈ ಕಾಗದ ತೆಗೆದು ನೋಡ್ತಾರೆ ಮಾರಾಯ. ಇವಳು ಎಂತದೂ ಮಾಡ್ಲಿಲ್ಲ ಅಂತ ಬರೀತಾರೆ. ಅವರನ್ನ ಬೈಯೋ ಹಾಗಿಲ್ಲ. ನನ್ನ ಒಂದು ಲೇಖನದಲ್ಲೂ ಇವಳ ಹೆಸರಿಲ್ಲ.”

ಈಗಲಾದರೂ ಬರೆಯಬಹುದಲ್ಲ ಎಂದೆ. ಮಾವ ನನ್ನ ಪೆನ್ನು ತೆಗೆದುಕೊಂಡರು. ಮದುವೆಯಾದಂದಿನಿಂದ ‘ಇವಳೇ’ ಎಂದಷ್ಟೇ ಕರೆದವರು, ಜೇಬಿನಲ್ಲಿದ್ದ ಚೀಟಿಯ ಮೇಲೆ ಅತ್ತೆಯ ಹೆಸರನ್ನು ಪೂರ್ತಿಯಾಗಿ ಬರೆದು, ಮೆಲ್ಲಗೆ ಓದಿದರು. ಇನ್ನೊಮ್ಮೆ ಓದಿದರು. ಮೂರನೆಯ ಸಲ ಅವರಿಂದ ಓದಲಾಗಲಿಲ್ಲ.