ಇಸವಿಯಿಲ್ಲದ ಪುಸ್ತಕ

ಶುಕ್ರವಾರ, ೧೪ ಜೂನ್ ೨೦೨೪. ಆಧಾರ: ನನ್ನ ದಿನಚರಿ. ಅನುಮಾನ ಉಳಿಯಬಾರದೆಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನೊಡನೆಯೂ ತಾಳೆ ನೋಡಿದ್ದೇನೆ. ಅಂದು ಬೆಳಿಗ್ಗೆ ನನ್ನ ತಂಗಿಯ ಮಗಳು ಕಮಲಾ ಸತ್ತಿಯಿಂದ ಚಿಕ್ಕೋಡಿಯ ನಮ್ಮ ಮನೆಗೆ ಬಂದು, ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಮೊದಲಿನಿಂದ ಕಲಿಸುವ ಒಂದು ಪುಸ್ತಕವನ್ನು ಆರಿಸಿಕೊಡಬೇಕೆಂದು ಕೇಳಿದಳು. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದು ನಿವೃತ್ತನಾದ ನನಗೆ ಪ್ರೋಗ್ರಾಮಿನ ಗಂಧವೂ ಇಲ್ಲ. ಆದರೆ ‘ಪುಸ್ತಕ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅದು ಯಾವ ವಿಷಯದ್ದು ಎಂಬುದು ನನ್ನ ದೃಷ್ಟಿಯಲ್ಲಿ ಗೌಣ. ಒಪ್ಪಿಕೊಂಡೆ.

ಅವಳ ಅವಶ್ಯಕತೆ ಸಣ್ಣದಾಗಿರಲಿಲ್ಲ. ಅವಳ ಗಂಡ ಮತ್ತು ಅವನ ಮೂವರು ಅಣ್ಣಂದಿರಿಗೆ ಕೃಷ್ಣೆಯ ದಂಡೆಯಲ್ಲಿ ಇರುವುದು ಒಂದೇ ಮೋಟಾರು. ಕಬ್ಬಿಗೆ ನೀರು ಪಾಳಿಯ ಪ್ರಕಾರ. ಒಬ್ಬರ ಪಾಳಿಯಲ್ಲಿ ಕರೆಂಟು ಹೋದರೆ, ಹೋದಷ್ಟು ತಾಸುಗಳನ್ನು ಮುಂದಿನ ಸುತ್ತಿನಲ್ಲಿ ಅವರಿಗೆ ಮರಳಿ ಕೊಡುವುದು ಹಿರಿಯರು ಹಾಕಿಕೊಟ್ಟ ರೂಢಿ. ಎಷ್ಟು ತಾಸು ಹೋಗಿತ್ತು ಎಂಬ ವಿಷಯದಲ್ಲಿ ಮಾತ್ರ ನಾಲ್ವರ ನೆನಪು ನಾಲ್ಕು ಬಗೆ.

“ಬನ್ನಿ ಹಬ್ಬದ ಮರುದಿನ ಪಾಳಿ ಸುರು ಆಗ್ತೈತಿ ಮಾಮಾ,” ಎಂದಳು ಕಮಲಾ. “ಅಷ್ಟ್ರಾಗ ಈ ಜಗಳ ಹರೀಲಿಲ್ಲಂದ್ರ ತಮ್ತಮ್ಮ ಪೈಪ್ ತಾವ ಹಾಕ್ಕೋತೀವಿ ಅಂತಾರ. ನಮ್ಮ ಹೊಲ ಹೊಳಿಗೆ ಎಲ್ಲಾರಕಿಂತ ದೂರ. ನಾವ್ ಎಲ್ಲಿಂದ ಹಾಕೂಣ್ರಿ? ಕಬ್ಬ ಒಣಗಿ ಹೋಗ್ತೈತಿ. ಪಾಳಿ ಹೇಳೂ ಪ್ರೋಗ್ರಾಮ್ ನಾನ ಬರೀತೀನಿ. ನೀವು ಒಂದ್ ಛಲೋ ಪುಸ್ತಕ ಆರ್ಸಿ ಕೊಡ್ರಿ ಸಾಕು.”

ಮನೆಯಲ್ಲಿಯೇ ಒಂದಿತ್ತು. ಯಾರೋ ಗೌರವಪ್ರತಿಯಾಗಿ ಕೊಟ್ಟ ತೆಳ್ಳನೆಯ ಕನ್ನಡ ಪುಸ್ತಕ. ಮರುದಿನವೇ ಪರೀಕ್ಷಿಸಿದೆ. ಮುದ್ರಣದ ಇಸವಿಯೇ ಇಲ್ಲ! ಮುನ್ನುಡಿಯ ಕೆಳಗೆ ದಿನಾಂಕವಿಲ್ಲ, ಊರಿನ ಹೆಸರೂ ಇಲ್ಲ. ಇಸವಿಯಿಲ್ಲದ ಪುಸ್ತಕ, ವಿಳಾಸ ಹೇಳದ ಸಾಕ್ಷಿಯಂತೆ. ಪಕ್ಕಕ್ಕಿಟ್ಟೆ.

“ಒಳಗ ಏನ್ ಬರ್ದಾರ ನೋಡ್ರಲಾ,” ಎಂದಳು ನನ್ನ ಹೆಂಡತಿ ಶಾಂತಾ.

“ಹೊರಗಿಂದ ಖಾತ್ರಿ ಇಲ್ಲಂದ್ರ ಒಳಗ ಏನಿದ್ದರ ಏನು?” ಎಂದೆ.

“ಹಂಗಾರ ನನ್ನ ಮದಿವಿ ಆಗೂವಾಗ ಖಾತ್ರಿ ಮಾಡ್ಕೊಂಡಿದ್ರೇನು?” ಎಂದವಳು ಒಳಗೆ ಹೋದಳು. ಈ ಪ್ರಶ್ನೆ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಉತ್ತರಿಸಲಿಲ್ಲ.

ಅನಂತರ ನಿಪ್ಪಾಣಿಗೆ ಹೋದೆ. ಒಂದು ಮರಾಠಿ ಪುಸ್ತಕ ಸಿಕ್ಕಿತು. ನೋಡಿದರೆ, ಅಚ್ಚಾದದ್ದು ಮಾರ್ಚಿನಲ್ಲಿ, ಮುನ್ನುಡಿಗೆ ಸಹಿ ಬಿದ್ದದ್ದು ಅದೇ ವರ್ಷದ ಏಪ್ರಿಲಿನಲ್ಲಿ. ಕೂಸು ಹುಟ್ಟಿದ ಮೇಲೆ ಸೀಮಂತ! ಎರಡನೆಯ ಸಲ ಹೋದಾಗ ಸಿಕ್ಕಿದ ಪುಸ್ತಕ ಇಪ್ಪತ್ತೊಂದು ದಿನಗಳಲ್ಲಿ, ದಿನಕ್ಕೊಂದು ಪಾಠದಂತೆ, ಎಲ್ಲವನ್ನೂ ಕಲಿಸುವೆನೆಂದು ರಕ್ಷಾಪುಟದಲ್ಲಿ ಸಾರುತ್ತಿತ್ತು. ಪಾಠಗಳನ್ನು ಎಣಿಸಿದೆ. ಇಪ್ಪತ್ತಾರು. ಉಳಿದ ಐದು ಪಾಠಗಳನ್ನು ಯಾವ ದಿನ ಓದಬೇಕೆಂದು ಪ್ರಕಾಶಕರಿಗೆ ಪತ್ರ ಬರೆದೆ. ಉತ್ತರ ಇನ್ನೂ ಬಂದಿಲ್ಲ. ಮೂರನೆಯ ಸಲ ಅಂಗಡಿಯ ಮೆಟ್ಟಿಲು ಹತ್ತಿದಾಗ ಅಂಗಡಿಯವನು ಎದ್ದು ನಿಂತು, ಮರಾಠಿ ಬೆರೆಸಿ ಬರಮಾಡಿಕೊಂಡ.

“ಯಾ ಸರ್, ಯಾ. ಮೂರ್ ಸರ್ತಿ ಬಂದ್ರಿ, ಬಂದಾಗೆಲ್ಲ ಮೊದಲನೇ ಪಾನಾ ಒಂದಽ ಓದಿ ಇಟ್ಟು ಹೋಗ್ತೀರಿ. ಎರಡನೇ ಪಾನಾಕ್ಕ ಹೋಗಾಕ ತಿಕೀಟ ತಗೀಬೇಕೇನ್ರಿ?”

ಇಂಥ ಟೀಕೆ ನನಗೆ ಹೊಸದಲ್ಲ. ಸೇವೆಯಲ್ಲಿದ್ದಾಗ ಒಂದು ಶಾಸನದ ತಿಥಿಯೂ ವಾರವೂ ಹೊಂದಲಿಲ್ಲವೆಂಬ ಕಾರಣಕ್ಕೆ ನನ್ನ ಲೇಖನವನ್ನು ಹನ್ನೊಂದು ವರ್ಷ ತಡೆಹಿಡಿದಿದ್ದೆ. ಅಷ್ಟರಲ್ಲಿ ಇನ್ನೊಬ್ಬರು ತಪ್ಪು ತಿಥಿಯೊಡನೆಯೇ ಅದನ್ನು ಪ್ರಕಟಿಸಿದರು. ಇಂದಿಗೂ ಎಲ್ಲರೂ ಉಲ್ಲೇಖಿಸುವುದು ಅವರನ್ನೇ. ಆದರೂ ತಪ್ಪು ತಪ್ಪೇ ಎಂಬ ಸಮಾಧಾನ ನನ್ನ ಪಾಲಿಗಿದೆ.

ಕೊನೆಗೆ ಅಕ್ಟೋಬರಿನ ಮೊದಲ ವಾರದಲ್ಲಿ ನಿರ್ದುಷ್ಟವಾದ ಗ್ರಂಥವೊಂದು ದೊರೆಯಿತು. ಏಳುನೂರು ಪುಟ. ಮುದ್ರಣದ ಇಸವಿ, ಮುನ್ನುಡಿ, ತಪ್ಪುಗಳನ್ನು ತಿದ್ದಿದ ಒಪ್ಪೋಲೆ ಎಲ್ಲವೂ ಪರಸ್ಪರ ಸಂವಾದಿ. ಅಕ್ಟೋಬರ್ ೧೨, ವಿಜಯದಶಮಿಯಂದು, ಬನ್ನಿ ಕೊಡಲು ಬಂದ ಕಮಲಾಳ ಕೈಗೆ ಬನ್ನಿಯೆಲೆಯೊಡನೆ ಅದನ್ನೂ ಇಟ್ಟೆ. ಅವಳು ಎರಡೂ ಕೈಯಲ್ಲಿ ತೂಗಿ ನೋಡಿದಳು.

“ಭಾಳ ವಜ್ಜಿ ಐತಿ ಮಾಮಾ.”

“ಖಾತ್ರಿ ಇದ್ದದ್ದು ವಜ್ಜಿ ಇರತೈತಿ,” ಎಂದೆ. ಶಾಂತಾ ಏಕೋ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಮರುದಿನ, ಭಾನುವಾರ, ಸತ್ತಿಯ ಹೊಳೆದಂಡೆಯಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿದ್ದರು. ನಾನೂ ಹೋಗಿದ್ದೆ. ಕಮಲಾ ಮೊಬೈಲ್ ಹಿಡಿದು ನಿಂತಳು. ಅವಳ ಹಿರಿಯ ಭಾವ ಭೀಮಪ್ಪ ಮೋಟಾರಿನ ಪೆಟ್ಟಿಗೆಗೆ ಒರಗಿ, “ಮೊಬೈಲ್ ಹೇಳಿದ್ರ ನೀರ ಮ್ಯಾಲ ಏರತೈತೇನ್ವಾ?” ಎಂದು ನಕ್ಕ.

“ನೀರ ಮೋಟರ ಏರಸ್ತೈತ್ರಿ. ಇದು ಯಾರ ಪಾಳಿ ಅಂತ ಹೇಳ್ತೈತಿ,” ಎಂದು ಕಮಲಾ ಕಳೆದ ಬೇಸಿಗೆಯ ಕೊನೆಯ ಸುತ್ತಿನಲ್ಲಿ ಕರೆಂಟು ಹೋಗಿ ಬಂದ ವೇಳೆಗಳನ್ನು, ವಿದ್ಯುತ್ ಕಚೇರಿಯಿಂದ ಬರೆದು ತಂದಿದ್ದ ಚೀಟಿ ನೋಡಿ, ತುಂಬಿದಳು. “ಭಾವಾರ, ನಿಮ್ಮ ಎರಡೂವರಿ ತಾಸ ಬಾಕಿ ಐತಿ. ಮೊದಲ ನಿಮ್ಮ ಹೊಲಕ್ಕ.”

ಭೀಮಪ್ಪ ನೆಟ್ಟಗೆ ನಿಂತ. “ಎರಡೂವರಿ? ನಾ ಎರಡಽ ಅಂತ ತಿಳ್ದಿದ್ದೆ. ಏ, ಇದು ಶಾಣ್ಯಾ ಐತಿ ಬಿಡ್ರೋ! ಬ್ಯಾರೆ ಪೈಪ್ ಯಾರೂ ಹಾಕಬ್ಯಾಡ್ರಿ.”

ಮೋಟಾರು ಹೊರಟಿತು. ಕಮಲಾಳ ಕಣ್ಣು ತುಂಬಿತ್ತು. ಸಂದರ್ಭವನ್ನು ವ್ಯರ್ಥಗೊಳಿಸದೆ ನಾನು ನಾಲ್ಕು ಮಾತು ಆಡಿದೆ: ಪುಸ್ತಕದ ಆಯ್ಕೆಗೆ ನಾಲ್ಕು ತಿಂಗಳು ಹಿಡಿದರೂ ಚಿಂತೆಯಿಲ್ಲ, ಆಯ್ಕೆ ಸರಿಯಿದ್ದರೆ ಕಲಿಯಲು ಒಂದು ದಿನ ಸಾಕು, ನಿದರ್ಶನ ಕಣ್ಣೆದುರಿಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಮಲಾ ಕಾಲಿಗೆ ನಮಸ್ಕರಿಸಿದಳು, ಮುಖ ಮಾತ್ರ ಮೇಲೆತ್ತಲಿಲ್ಲ.

ಈ ಘಟನೆಯನ್ನು ಕುರಿತು ಒಂದು ಟಿಪ್ಪಣಿ ಬರೆಯಬೇಕೆಂದು, ಗ್ರಂಥ ಹಸ್ತಾಂತರವಾದ ದಿನವನ್ನು ಖಚಿತಪಡಿಸಿಕೊಳ್ಳಲು ನನ್ನ ಎರವಲು ವಹಿಯನ್ನು ತೆರೆದೆ. ನಮ್ಮ ಮನೆಯಿಂದ ಪುಸ್ತಕ ಹೊರಗೆ ಹೋದರೆ ಆ ವಹಿಯಲ್ಲಿ ನಮೂದಾಗಲೇಬೇಕು. ಅಕ್ಟೋಬರ್ ೧೨ರ ನಮೂದು ಇತ್ತು. ಅದರ ಮೇಲಿನ ಸಾಲಿನಲ್ಲಿ, ಶಾಂತಾಳ ಅಕ್ಷರದಲ್ಲಿ, ಇನ್ನೊಂದು: ‘ಇಸವಿ ಇಲ್ಲದ ತೆಳ್ಳನ್ನ ಪುಸ್ತಕ. ಒಯ್ದವರು ಕಮಲಾ, ೧೬ ಜೂನ್. ತಂದು ಕೊಟ್ಟದ್ದು ೨೫ ಆಗಸ್ಟ್. ಷರಾ: ಪೂರಾ ಕಲತಾಳ. ಮಾಮಾಗ ಹೇಳಬ್ಯಾಡ್ರಿ ಅಂದಾಳ, ಅವರು ಇನ್ನೂ ಹುಡಕಾಕತ್ತಾರ.’

ನೆನಪಿಗೂ ದಾಖಲೆಗೂ ವಿರೋಧ ಬಂದರೆ ದಾಖಲೆಯೇ ಪ್ರಮಾಣವೆಂದು ಜೀವಮಾನವೆಲ್ಲ ವಾದಿಸಿದವನು ನಾನು. ಆದರೂ ಈ ನಮೂದು ಆಮೇಲೆ ಸೇರಿಸಿದ್ದೆಂದು ಸಾಧಿಸಬಹುದೇನೋ ಎಂಬ ಆಸೆಯಿಂದ ಭೂತಗನ್ನಡಿ ಹಿಡಿದು ಕುಳಿತೆ. ಪ್ರತಿ ತಿಂಗಳ ಕೊನೆಗೆ ವಹಿಯನ್ನು ಪರಿಶೀಲಿಸುವುದು ನನ್ನ ಪದ್ಧತಿ. ನಮೂದಿನ ಕೆಳಗೆ ಹಸಿರು ಮಸಿಯಲ್ಲಿ ಸ್ಪಷ್ಟವಾಗಿತ್ತು: ‘ತಾಳೆ ನೋಡಲಾಗಿದೆ. ಸರಿಯಿದೆ. ೩೧ ಆಗಸ್ಟ್ ೨೦೨೪.’ ಸಹಿ ನನ್ನದೇ.