ಒಂದರಿಂದ ಐದರೊಳಗೆ ಎಷ್ಟು ಭಯ?

ಮೂವತ್ತು ವರ್ಷ ಕಾಲೇಜಿನಲ್ಲಿ ವಿಪತ್ತು ನಿರ್ವಹಣೆಯ ಪಾಠ ಹೇಳಿ, ಸಂಶೋಧನೆ ಮಾಡಿ, ಈಗ ಬಂಗಾರಪೇಟೆಯಲ್ಲಿ ಹಾಯಾಗಿ ನಿವೃತ್ತನಾಗಿದ್ದೇನೆ. ನಮ್ಮ ಕಸುಬಿನವರಿಗೆ ಪೇಚಿನ ಪ್ರಸಂಗಗಳು ನೆಂಟರಿದ್ದ ಹಾಗೆ, ಹೇಳದೆ ಕೇಳದೆ ಬರುತ್ತಲೇ ಇರುತ್ತವೆ. ನನಗಂತೂ ಒಳ್ಳೊಳ್ಳೆಯವೆಲ್ಲ ಪಕ್ಕದ ಚಿನ್ನದ ಗಣಿಯೂರು ಉರಿಗಾಂನ ಒಬ್ಬ ಅಜ್ಜಿಯಿಂದ ಬಂದವು. ಹಳೆಯ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಆಕೆಯ ವಾಸ. ಹಿತ್ತಲಲ್ಲಿ ಹಸು ಕಟ್ಟುವ ಜಾಗದ ಪಕ್ಕದಲ್ಲೇ, ಕೆಳಗಿನ ಹಳೇ ಗಣಿ ಸುರಂಗದಿಂದಾಗಿ ನೆಲ ಕುಸಿದು ಗುಂಡಿ ಬಿದ್ದಿತ್ತು. ಅದನ್ನು ಮುಚ್ಚಿಸಿ ಎಂಬುದೊಂದೇ ಆಕೆಯ ಬೇಡಿಕೆ.

ಪ್ರಶ್ನಾವಳಿ

ಗುಂಡಿ ಕಂಡು ನನಗೆ ಪರಮಾನಂದವಾಯಿತು. ಸಂಶೋಧಕನಿಗೆ ಅಂಥದ್ದು ಸಿಗಲು ಪುಣ್ಯ ಬೇಕು! ಒಂಬತ್ತು ಪುಟದ ಪ್ರಶ್ನಾವಳಿ ಬಿಚ್ಚಿದೆ.

"ಅಜ್ಜಿ, ಈ ಗುಂಡಿ ಕಂಡರೆ ನಿಮಗೆ ಒಂದರಿಂದ ಐದರೊಳಗೆ ಎಷ್ಟು ಭಯ?"

"ಹತ್ತು ಬರ್ಕೊಳಿ ಸಾ."

"ಹತ್ತು ಇಲ್ಲ ಅಜ್ಜಿ. ಐದರ ತನಕ ಮಾತ್ರ."

"ಅಂಗಾರೆ ಇನ್ನೂ ದೊಡ್ಡ ಕಾಗ್ದ ತರ್ಬೇಕಾಗಿತ್ತು ನೀವು. ಓಗ್ಲಿ, ಯಾವಾಗ ಮುಚ್ಚಿಸ್ತೀರಾ?"

"ಮುಚ್ಚಿಸೋದು ನನ್ನ ಕೆಲಸವಲ್ಲ ಅಜ್ಜಿ, ಅಧ್ಯಯನ ಮಾಡೋದಷ್ಟೇ."

"ಸರಿ ಬುಡಿ. ಮುಚ್ಚಿಬುಟ್ರೆ ಪಾಪ, ನಿಮ್ಗೆ ಕೆಲ್ಸ ಎಲ್ಲಿರ್ತದೆ!"

ಸತ್ತವರ ಊಟ

ಭೂಕಂಪವಾದರೆ ಏನು ಮಾಡಬೇಕೆಂಬ ಅಣಕು ಕಾರ್ಯಾಚರಣೆ ಬಂಗಾರಪೇಟೆಯ ಮೈದಾನದಲ್ಲಿ ನಡೆಯಿತು. "ಉರಿಗಾಂನಲ್ಲೇ ಮಾಡಬಹುದಿತ್ತಲ್ಲ?" ಎಂದೆ. "ಅಲ್ಲಿ ನೆಲ ಕುಸಿಯುತ್ತೆ ಸಾರ್, ಅಪಾಯ" ಎಂದರು ಅಧಿಕಾರಿ.

ಆ ಅಧಿಕಾರಿಯನ್ನೇ ಕೇಳೋಣವೆಂದು ಅಜ್ಜಿ ಮಾರಿಕುಪ್ಪಂ ರೈಲು ಹತ್ತಿ ಬಂದರೆ, ಯಾರೋ ಅಣಕಿಗೆ ಬಂದವರೆಂದುಕೊಂಡು ಕೈಗೆ ಕಪ್ಪು ಪಟ್ಟಿ ಕಟ್ಟಿ ಚಾಪೆ ಮೇಲೆ ಮಲಗಿಸಿಬಿಟ್ಟರು. ಕಪ್ಪು ಪಟ್ಟಿ ಎಂದರೆ ಸತ್ತವರು.

ಮಲಗಿದಲ್ಲಿಂದಲೇ ಅಜ್ಜಿ, "ಸ್ವಾಮಿ, ನಮ್ ಗುಂಡಿ..." ಎಂದಿತು.

"ಅಜ್ಜಿ, ನೀವು ಸತ್ತಿದ್ದೀರಿ. ಮಾತಾಡಬೇಡಿ" ಎಂದರು ಅಧಿಕಾರಿ.

ಮಧ್ಯಾಹ್ನ ಪುಳಿಯೋಗರೆ ಹಂಚುವವನು ಅಜ್ಜಿಯ ಕೈಪಟ್ಟಿ ನೋಡಿದ. "ಗಾಯಾಳುಗಳಿಗೆ ಮಾತ್ರ ಅಜ್ಜಿ. ಸತ್ತವರಿಗೆ ಬರೆದಿಲ್ಲ."

ಅಜ್ಜಿ ಎದ್ದು ಕೂತಿತು. "ಏನ್ಲಾ, ನಿಮ್ಮನೇಲಿ ಸತ್ತೋರ್ಗೆ ಎಡೆ ಇಕ್ಕಲ್ವಾ?"

ಎರಡು ಪೊಟ್ಟಣ ಕೊಟ್ಟ.

ಮುಚ್ಚಳ

ಆ ಗುಂಡಿಗೆ ಈಗ ಕಾಂಕ್ರೀಟ್ ಮುಚ್ಚಳ ಬಿದ್ದಿದೆ. ನನ್ನ ಹನ್ನೊಂದು ಪ್ರಬಂಧಗಳಿಂದಲ್ಲ, ನನ್ನ ಮೈತೂಕದಿಂದ.

ನಿವೃತ್ತಿಯ ದಿನದ ನನ್ನ ಬೀಳ್ಕೊಡುಗೆ ಭಾಷಣಕ್ಕೆ ಗುಂಡಿಯ ಫೋಟೋ ಬೇಕಿತ್ತು. ಹಸು, ಅಜ್ಜಿ, ಗುಂಡಿ ಮೂರೂ ಒಂದೇ ಚಿತ್ರದಲ್ಲಿ ಬರಲಿ ಎಂದು ಅಂಚಿನ ಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದೆ.

"ಸಾ, ಇಂದಕ್ಕೆ ಓಗ್ಬ್ಯಾಡಿ. ಅಂಚು ಸಡ್ಲ ಐತೆ."

"ಈ ಗುಂಡಿ ಮೇಲೆ ನಾನು ಹನ್ನೊಂದು ಪ್ರಬಂಧ ಬರೆದಿದ್ದೀನಿ ಅಜ್ಜಿ," ಎಂದು ಇನ್ನೊಂದು ಹೆಜ್ಜೆ ಇಟ್ಟೆ. ಎದೆಮಟ್ಟ ಒಳಗೆ! ಎರಡು ಮೊಣಕೈ ಮಾತ್ರ ನೆಲದ ಮೇಲೆ. ಕಾಲಿಗೆ ತಳವೇ ಸಿಗುತ್ತಿಲ್ಲ.

ಅಜ್ಜಿ ಗಾಬರಿಯಾಗಲಿಲ್ಲ. ಹಸುವಿನ ಹಗ್ಗ ನನ್ನ ಕಂಕುಳಿಗೆ ಬಿಗಿದು, ಇನ್ನೊಂದು ತುದಿಯನ್ನು ಗೂಟಕ್ಕೆ ಸುತ್ತಿ, ಮುಂದೆ ಕುಕ್ಕರುಗಾಲಲ್ಲಿ ಕೂತಿತು.

"ಈಗೇಳಿ ಸಾ. ಒಂದರಿಂದ ಐದರೊಳ್ಗೆ ಎಷ್ಟು ಭಯ?"

"ಹತ್ತು! ಹತ್ತು ಅಜ್ಜಿ! ಎಳೀರಿ!"

"ಹತ್ತು ಇಲ್ಲ ಸಾ," ಎಂದಿತು ಅಜ್ಜಿ. "ಐದರ ತನ್ಕ ಮಾತ್ರ."