ಜೋಡಿಸಿದ ಮನೆಯಲ್ಲಿ ರೊಟ್ಟಿ ಬಡಿದದ್ದು

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಗುಡುಗಿಗೆ. ನಾನು ಗೋಡೆಗೆ ಹೆದರಿದವಳು. ನಗಬೇಡಿ ಮಕ್ಕಳೇ. ನೀವು ಹುಟ್ಟುವ ಮೊದಲೇ ಎದ್ದು ನಿಂತಿದ್ದ ಗೋಡೆಗಳ ನಡುವೆ ಬೆಳೆದವರು; ಗೋಡೆ ಲಾರಿಯ ಮೇಲೆ ಮಲಗಿಕೊಂಡು ಬರುವುದನ್ನು ನೋಡಿದವರಲ್ಲ. ನಾನು ನೋಡಿದ್ದೇನೆ. ವಿಜಾಪುರದ ಕಡೆಯ ನಮ್ಮೂರಿನಲ್ಲಿ ಗೋಡೆ ನೆಲದಿಂದ ನಿಧಾನವಾಗಿ ಏಳುತ್ತಿತ್ತು. ಮನೆಯ ಮಗು ಅಂಬೆಗಾಲಿಡುವಾಗ ಶುರುವಾದ ಗೋಡೆಗೆ, ಅದು ಓಡಾಡುವ ಹೊತ್ತಿಗೆ ಮಾಳಿಗೆ ಬರುತ್ತಿತ್ತು. ಮುಂಬಯಿಯ ವಿಕ್ರೋಳಿಯಲ್ಲಿ ನಿಮ್ಮ ಅಜ್ಜನ ಕಾರ್ಖಾನೆಯವರು ಕೆಲಸಗಾರರಿಗೆ ಮನೆ ಕಟ್ಟಿಸಿದಾಗ ಹಾಗಾಗಲಿಲ್ಲ. ಒಂದು ಬಯಲಿನಲ್ಲಿ ಅಚ್ಚಿಗೆ ಕಾಂಕ್ರೀಟು ಸುರಿದು, ಕಿಟಕಿಯ ಜಾಗ ಸಮೇತ ಗೋಡೆ ತಯಾರಿಸಿ, ಕ್ರೇನಿನಿಂದ ಎತ್ತಿ ಒಂದಕ್ಕೊಂದು ಜೋಡಿಸಿ, ಸಂದಿಗೆ ಸಿಮೆಂಟು ತುಂಬಿದರು. ಸೆರಗಿನ ಮರೆಯಿಂದ ನೋಡುತ್ತಿದ್ದ ನನಗೆ ಹಪ್ಪಳಕ್ಕೆ ಹಪ್ಪಳ ಆನಿಸಿ ನಿಲ್ಲಿಸಿದಂತೆ ಕಂಡಿತು.

ನಿಮ್ಮ ಅಜ್ಜನಿಗೋ ಹಿಗ್ಗೋ ಹಿಗ್ಗು. "ಮಳಿ ಬಂದ್ರೂ ಕೆಲಸ ನಿಲ್ಲೂದಿಲ್ಲ, ಗೋಡೆ ಛಪ್ಪರದ ಕೆಳಗ ತಯಾರಾಗ್ತಾವು. ಎಲ್ಲಾ ಒಂದ ಅಳತಿ. ಬಾಗಲಾ ಮುರದ್ರ ಇನ್ನೊಂದು ತಂದು ಕೂಡಿಸಿದ್ರ ಆತು. ಕಟ್ಟೂದು ಜಲ್ದಿ, ಮನಿ ಸಿಗೂದೂ ಜಲ್ದಿ. ಚಾಳಿನ್ಯಾಗ ನಳಕ್ಕ ಪಾಳಿ ಹಚ್ಚೂದು ತಪ್ಪತೈತಿ" ಎಂದರು.

"ಜಲ್ದಿ ಕೂಡಿಸಿದ್ದು ಜಲ್ದಿ ಬಿಚ್ಚಿಕೊಂಡ್ರ?" ಎಂದೆ.

"ಅದೇನು ಬಾಜಾರದ ಚೀಲೇನ, ಹೊಲಿಗಿ ಬಿಚ್ಚಾಕ?"

ಬೈದರೂ ಅವರ ಮನಸ್ಸು ಮೆತ್ತಗೆ. ಹೊಸ ಮನೆಗೆ ಬಂದ ಮೇಲೂ ವಿಲೆ ಪಾರ್ಲೆಯ ಚಾಳಿನ ಬಾಡಿಗೆ ಖೋಲಿಯನ್ನು ತಿಂಗಳ ಕೊನೆಯವರೆಗೆ ಬಿಡಲಿಲ್ಲ. "ಇಲ್ಲಿ ಇರಾಕ ಆಗಲೇ ಇಲ್ಲಂದ್ರ ಹೇಳು, ಹೊಳ್ಳಿ ಹೋಗೂನು" ಎಂದರು. ಹೊಸ ಮನೆಯಲ್ಲಿ ಎರಡು ಕೋಣೆ, ನಮ್ಮದೇ ನಲ್ಲಿ. ಅದನ್ನು ಅವರು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದೆಲ್ಲ ಉಳಿಯುವುದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ನಮ್ಮದು ಎರಡನೇ ಮಹಡಿ. ರೈಲು ಹೋದಾಗಲೆಲ್ಲ ನಾನು ಗೋಡೆಯ ಮೂಲೆ ನೋಡುತ್ತಿದ್ದೆ. ಮೊಳೆ ಹೊಡೆಯಲು ಬಿಡದೆ ದೇವರ ಪಟಗಳನ್ನು ನೆಲದ ಮೇಲೇ ಕೂರಿಸಿದ್ದೆ. ರೊಟ್ಟಿ ಮಾತ್ರ ಅಭ್ಯಾಸಬಲದಿಂದ ಬಡಿಯುತ್ತಿದ್ದೆ. ಒಂದು ಬೆಳಿಗ್ಗೆ ಬಡಿಯುತ್ತಿರುವಾಗ ಹಲಗೆಯ ಮೇಲಿನ ಲೋಟಗಳು ಕಿಣಿಕಿಣಿ ಎಂದವು. ನನ್ನ ಕೈಯಿಂದಲೇ ಸಂದಿಯ ಸಿಮೆಂಟು ಉದುರಿ ಮಲಗಿದ್ದ ನಿಮ್ಮಪ್ಪನ ಮೇಲೆ ಗೋಡೆ ಬಿದ್ದಂತೆ ಕಣ್ಣಿಗೆ ಕಟ್ಟಿತು. ಅಂದಿನಿಂದ ರೊಟ್ಟಿ ನಿಂತಿತು. ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲ ಎನ್ನುವ ಮನುಷ್ಯ ಡಬ್ಬಿಯಲ್ಲಿ ಬೇಕರಿಯ ಪಾವ್ ಬ್ರೆಡ್ಡು ಒಯ್ದರು. ಸೊಂಟದ ಪಟ್ಟಿ ಬಿಗಿ ಮಾಡಿಕೊಂಡರು.

ಒಂದು ಮಧ್ಯಾಹ್ನ ಕೆಳಗಿನ ಮನೆಯ ಶಾರದಕ್ಕ ಮೇಲೆ ಬಂದಳು. ಉಡುಪಿ ಕಡೆಯವಳು, ಮಾತುಗಾರ್ತಿ. ಅಂದು ಅವಳ ಮುಖ ಸಣ್ಣದಾಗಿತ್ತು.

"ಬಿರುಕು ಎಲ್ಲಿ ಬಿಟ್ಟಿದೆ ಅಕ್ಕಾ, ನನಗಾದರೂ ಹೇಳಿ."

"ಯಾವ ಬಿರುಕು?"

"ಮತ್ತೆ ರೊಟ್ಟಿ ಬಡಿಯುವುದು ನಿಲ್ಲಿಸಿದ್ದು ಎಂತಕ್ಕೆ? ಈ ಮನೆಯಲ್ಲಿ ನನಗೆ ಹೆದರಿಕೆಯೇ. ನಿಮ್ಮ ಶಬ್ದ ಕೇಳಿದ ಮೇಲೆಯೇ ನಾನು ಹಿಟ್ಟು ಕಡೆಯುವ ಕಲ್ಲು ಮುಟ್ಟುತ್ತಿದ್ದದ್ದು. ಅಷ್ಟು ಬಡಿದರೂ ಬೀಳದ ಗೋಡೆ ನನ್ನ ಕಲ್ಲಿಗೆ ಬೀಳ್ತದಾ ಅಂತ. ನೀವು ನಿಲ್ಲಿಸಿದಿರಿ, ನಾನೂ ನಿಲ್ಲಿಸಿದೆ."

ಅವಳ ಕಲ್ಲು ನಿಂತದ್ದು ಕೇಳಿ ಅವಳ ಕೆಳಗಿನ ಮರಾಠಿ ಬಾಯಿ, ಅಲ್ಲಿ ಹೆಂಗಸರಿಗೆ ಬಾಯಿ ಎನ್ನುತ್ತಾರಲ್ಲ, ಮಸಾಲೆ ಕುಟ್ಟುವುದನ್ನು ನಿಲ್ಲಿಸಿದ್ದಳಂತೆ. ಇಡೀ ಬಿಲ್ಡಿಂಗಿಗೆ ಬಿಲ್ಡಿಂಗೇ ಉಸಿರು ಹಿಡಿದು ಕೂತಿತ್ತು. ಕೆಲವರು ಗಂಟುಮೂಟೆ ಕಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ಎಲ್ಲರ ಡಬ್ಬಿಯಲ್ಲೂ ಪಾವ್ ಕಂಡು ಇಂಜಿನಿಯರ್ ಸಾಹೇಬರು ವಿಚಾರಿಸಿದರೆ, ಮೇಲಿನ ವಿಜಾಪುರದ ಬಾಯಿ ಗೋಡೆಯಲ್ಲಿ ಬಿರುಕು ಕಂಡಿದ್ದಾಳೆ ಎಂದು ಉತ್ತರ ಬಂತಂತೆ. "ಸಂಜೆ ನೋಡಲಿಕ್ಕೆ ಬರ್ತಾರಂತೆ" ಎಂದಳು.

ಪರಗಂಡಸಿನ ಎದುರು ನಿಂತು ಇಲ್ಲದ ಬಿರುಕನ್ನು ಬೆರಳಿಟ್ಟು ತೋರಿಸುವುದು ಹೇಗೆ? ಇಲ್ಲ ಎಂದರೆ ಸುಳ್ಳು ಹಬ್ಬಿಸಿದ ಹೆಂಗಸಿನ ಗಂಡನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ? ಗೋಡೆ ಬೀಳುವ ಭಯಕ್ಕಿಂತ ಸಾಹೇಬರು ಬರುವ ಭಯ ದೊಡ್ಡದಾಯಿತು. ಅವರು ಬರುವ ಮೊದಲೇ ರೊಟ್ಟಿಯ ಸದ್ದು ಎಲ್ಲರಿಗೂ ಕೇಳಬೇಕೆಂದು, ನಿಮ್ಮಪ್ಪನನ್ನು ಅಂಗಳಕ್ಕೆ ಕಳಿಸಿ ಒಲೆ ಹೊತ್ತಿಸಿದೆ. ಮೆಟ್ಟಿಲ ಮೇಲೆಲ್ಲ ಹೆಂಗಸರು, ಮಗುವಿನ ಜ್ವರ ನೋಡುವಂತೆ ಗೋಡೆಗೆ ಅಂಗೈ ಇಟ್ಟು ನಿಂತರು. ಮೊದಲನೆಯ ರೊಟ್ಟಿಯನ್ನು ಗೋಡೆ ನೋಡುತ್ತಲೇ ಬಡಿದೆ, ಹರಿಯಿತು. ಎರಡನೆಯದನ್ನು ಕಣ್ಣು ಮುಚ್ಚಿ ಬಡಿದೆ.

"ಜೋರಾಗಿ ಬಡಿಯಿರಿ ಅಕ್ಕಾ, ಇದು ಹುಳಿಗೆ ತರಕಾರಿ ಹೋಳು ಹಾಕಿದಷ್ಟೇ ಶಬ್ದ" ಎಂದಳು ಶಾರದಕ್ಕ, ತಾನು ಮಾತ್ರ ಅರ್ಧ ಮೆಟ್ಟಿಲು ಇಳಿದು ನಿಂತು.

ಬಡಿದೆ. ಲೋಟಗಳು ಕುಣಿದವು, ಗೋಡೆ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ಕಲ್ಲು ಗುಡುಗುಟ್ಟಿತು, ಅದರ ಕೆಳಗೆ ಕುಟ್ಟುವ ಸದ್ದು ಎದ್ದಿತು. ಸಾಹೇಬರು ಬಂದಾಗ ಬಿರುಕು ಸಿಗಲಿಲ್ಲ. ಅಜ್ಜ ಕೊಟ್ಟ ಬಿಸಿ ರೊಟ್ಟಿಯನ್ನು ನಿಂತೇ ತಿಂದು ಹೋದರು. ನಾನು ಬಾಗಿಲ ಹಿಂದಿದ್ದೆ. ಮರುದಿನ ಅಜ್ಜ ನನ್ನನ್ನು ಕೇಳದೆಯೇ ಚಾಳಿನ ಖೋಲಿಯ ಕೀಲಿ ಹಿಂದಿರುಗಿಸಿ ಬಂದರು.

ಆಮೇಲೆ ಆ ಕಾಲೊನಿಯಲ್ಲಿ ಹೊಸ ಬಿಲ್ಡಿಂಗು ಜೋಡಿಸಿದಾಗಲೆಲ್ಲ ಹೆಂಗಸರು ಹಾಲು ಉಕ್ಕಿಸಿ, ನನ್ನನ್ನು ಕರೆಸಿ ರೊಟ್ಟಿ ಬಡಿಯಲು ಹೇಳತೊಡಗಿದರು. ವಿಜಾಪುರದ ಬಾಯಿ ಬಡಿದರೂ ನಿಂತಿತು ಎಂದರೆ ಸಾಮಾನು ಒಳಗೆ ಬರುತ್ತಿತ್ತು. ಎಂಥ ಧೈರ್ಯದವಳು ಎಂದು ಅರಿಶಿನ ಕುಂಕುಮ ಕೊಡುತ್ತಿದ್ದರು. ನಾನು ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದೆ. ನಾಚಿಕೆ ಎಂದುಕೊಂಡರು. ಒಲೆ ಯಾವ ಮೂಲೆಯಲ್ಲೇ ಇರಲಿ, ಸೆಕೆ ಎಂದು ನೆಪ ಹೇಳಿ ನಾನು ಹಿಟ್ಟು ನಾದುವ ಅಗಲದ ಪರಾತವನ್ನು ಬಾಗಿಲಿಗೇ ಎಳೆದುಕೊಂಡು, ಒಂದು ಕಾಲನ್ನು ಹೊರಗೆ ಚಾಚಿಟ್ಟುಕೊಂಡೇ ಬಡಿಯುತ್ತಿದ್ದದ್ದನ್ನು ಯಾರೂ ನೋಡಲಿಲ್ಲ.